ಹಂಚು ಒಡೆದ ಮೇಲೆ ಏನು?

ನಮ್ಮ ಕಡೆಯ ಶಾಲಾ ವಾರ್ಷಿಕೋತ್ಸವಗಳಲ್ಲಿ ಈಗ ಕರಾಟೆ ಪ್ರದರ್ಶನ ಸಾಮಾನ್ಯ. ಬಿಳಿ ಬಟ್ಟೆ ತೊಟ್ಟ ಹುಡುಗಿ ಒಂದೇಟಿಗೆ ಹಂಚು ಒಡೆಯುತ್ತಾಳೆ, ನಾವು ಚಪ್ಪಾಳೆ ತಟ್ಟುತ್ತೇವೆ. ಅದೇ ಹುಡುಗಿ ಮರುದಿನ ಸಂಜೆ ತೆಕ್ಕಟ್ಟೆಯ ಹೆದ್ದಾರಿ ಬದಿ ಬಸ್ಸಿಗೆ ಕಾಯುವಾಗ ಬೈಕಿನವನೊಬ್ಬ ಮೂರನೇ ಸಲ ಸುತ್ತು ಹಾಕಿದರೆ? ಹಂಚು ತಿರುಗಿ ಹೊಡೆಯುವುದಿಲ್ಲ, ಹಿಂಬಾಲಿಸುವುದೂ ಇಲ್ಲ. ಮನುಷ್ಯ ಹಾಗಲ್ಲ.

ಈ ವ್ಯತ್ಯಾಸವನ್ನು ಬೀದಿಯಲ್ಲೇ ಕಲಿತವರು ಇಮಿ ಲಿಖ್ಟೆನ್‌ಫೆಲ್ಡ್. 1910ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ ಬ್ರಾಟಿಸ್ಲಾವಾದಲ್ಲಿ ಬೆಳೆದ ಯಹೂದಿ. ಅವರ ತಂದೆ ಪೊಲೀಸ್ ಇಲಾಖೆಯಲ್ಲಿದ್ದು ಆತ್ಮರಕ್ಷಣೆ ಕಲಿಸುತ್ತಿದ್ದವರು. ಮಗ ಕುಸ್ತಿ, ಬಾಕ್ಸಿಂಗ್‌ಗಳಲ್ಲಿ ಹೆಸರು ಮಾಡಿದರು. 1930ರ ದಶಕದಲ್ಲಿ ಫ್ಯಾಸಿಸ್ಟ್ ಗುಂಪುಗಳು ಯಹೂದಿಗಳ ಕೇರಿಗೆ ನುಗ್ಗತೊಡಗಿದಾಗ ಇಮಿ ಊರಿನ ಯುವಕರ ಜತೆ ಸೇರಿ ಎದುರು ನಿಂತರು. ಅಖಾಡದಲ್ಲಿ ಎದುರಾಳಿ ಒಬ್ಬನೇ, ತಪ್ಪಾದರೆ ಸೀಟಿ ಊದುವವರಿದ್ದಾರೆ. ಬೀದಿಯಲ್ಲಿ ಅದ್ಯಾವುದೂ ಇಲ್ಲ. ಪದಕ ತಂದ ಪಟ್ಟುಗಳು ಅಲ್ಲಿ ಸಾಲಲಿಲ್ಲ.

1940ರಲ್ಲಿ 'ಪೆಂಚೊ' ಎಂಬ ಹಳೆಯ ಹಡಗು ಹತ್ತಿ ಊರು ಬಿಟ್ಟ ಅವರು 1942ರಲ್ಲಿ ಪ್ಯಾಲೆಸ್ಟೈನ್ ತಲುಪಿದರು. ಅಲ್ಲಿ ಅವರು ಬೆಳೆಸಿದ ವಿದ್ಯೆ 'ಕ್ರಾವ್ ಮಗಾ'. ಮೊದಲು ಸೈನಿಕರಿಗೆ, ನಿವೃತ್ತಿಯ ನಂತರ ಸಾಮಾನ್ಯರಿಗೆ ಕಲಿಸಿದರು. ತೀರಿಕೊಂಡದ್ದು 1998ರಲ್ಲಿ. ಆ ಸೇನೆಯ ಬಗ್ಗೆ ನಮಗೆ ತಕರಾರುಗಳಿರಬಹುದು, ಅದು ಬೇರೆ ಮಾತು. ಈ ವಿದ್ಯೆಯ ತಿರುಳು ಮಾತ್ರ ಸರಳ: ಅಪಾಯವನ್ನು ಮೊದಲೇ ಗುರುತಿಸು, ಆದರೆ ತಪ್ಪಿಸಿಕೋ, ಬೇರೆ ದಾರಿಯಿಲ್ಲದಿದ್ದರೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆದು ಮನೆ ಸೇರು.

ಕೈಗೆ ಸಿಕ್ಕಿದ್ದು ಎಂದರೆ ನಮಗೆ ನೆನಪಾಗುವುದು ಓಬವ್ವ. ಹದಿನೆಂಟನೇ ಶತಮಾನದಲ್ಲಿ ಹೈದರಾಲಿಯ ಸೈನಿಕರು ಚಿತ್ರದುರ್ಗದ ಕಿಂಡಿಯೊಂದರಲ್ಲಿ ನುಸುಳಿದಾಗ, ಕಾವಲಿನ ಗಂಡ ಊಟಕ್ಕೆ ಕೂತಿದ್ದ. ಆಕೆ ಒನಕೆ ಹಿಡಿದು ನಿಂತಳು ಎನ್ನುತ್ತದೆ ದುರ್ಗದ ಕಥೆ. ಒಬ್ಬೊಬ್ಬರೇ ತೂರಬೇಕಾದ ಜಾಗದಲ್ಲಿ ನಿಂತದ್ದೇ ಆಕೆಯ ಜಾಣತನ. ನಮ್ಮ ಸರ್ಕಾರ ಆಕೆಯ ಹೆಸರಿನಲ್ಲೇ 'ಓಬವ್ವ ಆತ್ಮರಕ್ಷಣಾ ಕಲೆ' ತರಬೇತಿ ನಡೆಸುತ್ತದೆ. ಒಳ್ಳೆಯದೇ. ಆದರೆ ಕಥೆಯ ಕೊನೆಯನ್ನು ನಾವು ಮರೆಯುತ್ತೇವೆ: ಓಬವ್ವ ಒಬ್ಬಳೇ ಇದ್ದಳು, ಶತ್ರುವಿನ ಕೈಯಲ್ಲಿ ಸತ್ತಳು. ಇಮಿಯ ಜತೆ ಒಂದು ಗುಂಪಿತ್ತು.

ನಮ್ಮ ತಕರಾರು ಇಲ್ಲೇ. ಹುಡುಗಿಗೆ ಮೂರು ತಿಂಗಳು ತರಬೇತಿ ಕೊಟ್ಟು 'ಇನ್ನು ನಿನ್ನ ರಕ್ಷಣೆ ನಿನ್ನದೇ' ಎಂದು ಊರು ಕೈತೊಳೆದುಕೊಳ್ಳಬಾರದು. ಯಾರೋ ಹಿಂದೆ ಬಿದ್ದಿದ್ದಾನೆ ಎಂದು ಮನೆಯಲ್ಲಿ ಹೇಳಿದರೆ ಮೊದಲು ನಿಲ್ಲುವುದು ಅವನ ತಿರುಗಾಟವಲ್ಲ, ಅವಳ ಕಾಲೇಜು. ಅದಕ್ಕೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ.

ಹಾಗಾದರೆ ಏನಾಗಬೇಕು? ತರಬೇತಿ ವೇದಿಕೆಯಿಂದ ಕೆಳಗಿಳಿಯಲಿ. ರಶ್ಶಿನ ಬಸ್ಸಿನಲ್ಲಿ, ತೋಟದ ನಡುವಿನ ಕಾಲುದಾರಿಯಲ್ಲಿ ಏನು ಮಾಡಬೇಕು, ಹೇಗೆ ಕೂಗಬೇಕು, ಯಾವ ಅಂಗಡಿಗೆ ಓಡಬೇಕು ಎನ್ನುವುದರ ಅಭ್ಯಾಸ ನಡೆಯಲಿ. 112 ಮತ್ತು 1098 ಸಂಖ್ಯೆಗಳು ಬಾಯಿಪಾಠವಾಗಲಿ. ಪ್ರಾಣ, ಮಾನ ಉಳಿಸಿಕೊಳ್ಳಲು ಅಗತ್ಯವಿದ್ದಷ್ಟು ಬಲ ಬಳಸುವುದು ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಹೇಳುತ್ತವೆ, ಅದನ್ನೂ ತಿಳಿಸಿ. ಹುಡುಗಿಯರು ಕರಾಟೆ ಕಲಿಯುವ ಹೊತ್ತಿಗೆ ಹುಡುಗರನ್ನು ಆಟಕ್ಕೆ ಬಿಡಬೇಡಿ, ಅವರಿಗೂ ಪಾಠ ಬೇಕು. ಬಸ್ಸಿನ ಕಂಡಕ್ಟರಿಗೆ, ಸ್ಟಾಪಿನ ಅಂಗಡಿಯವರಿಗೆ, ರಿಕ್ಷಾದವರಿಗೂ ಬೇಕು.

ಇದಕ್ಕೆ ಹೊಸ ಯೋಜನೆಯೇನೂ ಬೇಡ. ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ಇದ್ದೇ ಇದೆ. ಈ ಬಾರಿ ಅಲ್ಲಿ ಭಾಷಣ ಕಡಿಮೆ ಮಾಡಿ, ಊರಿನ ನಕ್ಷೆ ಮುಂದಿಟ್ಟು ಹೆಣ್ಮಕ್ಕಳನ್ನೇ ಕೇಳಿ: ಯಾವ ತಿರುವಿನಲ್ಲಿ ನಿಮಗೆ ಹೆದರಿಕೆಯಾಗುತ್ತದೆ? ಅವರು ತೋರಿಸಿದ ಕಡೆ ಮೊದಲು ಒಂದು ಬೀದಿದೀಪ ಹಾಕಿಸಿ.