ಜೀನ್ ನಕ್ಷೆಯಲ್ಲಿ ನಾವೆಲ್ಲಿದ್ದೇವೆ?

ಎಂಜಿನಿಯರಿಂಗ್ ಸೀಟು ಸಿಕ್ಕ ದಿನವೇ ನಮ್ಮಲ್ಲಿ ಬಹಳಷ್ಟು ಮಂದಿ ಬಯಾಲಜಿಗೆ ಕೈಮುಗಿದು ಬಂದವರು. ‘ಎಂಜಿನಿಯರ್‌ಗಳಿಗಾಗಿ ಜೀವವಿಜ್ಞಾನ’ ಎಂಬ ಪೇಪರ್ ಎದುರಾದರೂ ಪಾಸಾದರೆ ಸಾಕು ಎಂದೇ ಓದುತ್ತೇವೆ. ಆದರೆ ನಮ್ಮ ರಕ್ತದೊಳಗಿನ ಒಂದು ದೊಡ್ಡ ಪ್ರಶ್ನೆ ಇಂದು ಕೋಡ್ ಬರೆಯಬಲ್ಲವರಿಗಾಗಿ ಕಾಯುತ್ತಿದೆ. ಅದು ಟಿ ಕೋಶಗಳ ಗ್ರಾಹಕ ಜೀನ್‌ಗಳ ಪ್ರಶ್ನೆ. ಈ ಜೀನ್‌ಗಳ ನಕ್ಷೆಯಲ್ಲಿ ಭಾರತೀಯರ ಪಾಲು ತೀರಾ ಕಡಿಮೆ. ಆ ಕೊರತೆ ತುಂಬುವ ಕೆಲಸಕ್ಕೆ ನಮ್ಮ ತಲೆಮಾರಿನ ಎಂಜಿನಿಯರ್‌ಗಳು ಇಳಿಯಬೇಕು ಎಂಬುದು ನನ್ನ ವಾದ.

ಟಿ ಕೋಶಗಳು ದೇಹದಲ್ಲಿ ಗಸ್ತು ತಿರುಗುವ ಬಿಳಿ ರಕ್ತಕಣಗಳು. ವೈರಸ್ ಹೊಕ್ಕ ಕೋಶವನ್ನೋ ಕ್ಯಾನ್ಸರ್‌ಗೆ ತಿರುಗಿದ ಕೋಶವನ್ನೋ ಅವು ಗುರುತಿಸುವುದು ತಮ್ಮ ಮೈಮೇಲಿನ ಗ್ರಾಹಕದಿಂದ, ಅಂದರೆ ರಿಸೆಪ್ಟರ್‌ನಿಂದ. ಈ ಗ್ರಾಹಕಕ್ಕೆ ಸಿದ್ಧ ಅಚ್ಚು ಇಲ್ಲ. ಪ್ರತಿಯೊಂದು ಟಿ ಕೋಶವೂ ಬೆಳೆಯುವಾಗ ತನ್ನ ಡಿಎನ್‌ಎ ತುಣುಕುಗಳನ್ನು ಕತ್ತರಿಸಿ ಜೋಡಿಸಿಕೊಳ್ಳುತ್ತದೆ. ಬೀಟಾ ಸರಪಳಿಗೆ ಸುಮಾರು 50 ‘ವಿ’ ತುಣುಕುಗಳಲ್ಲಿ ಒಂದು, 2 ‘ಡಿ’ಗಳಲ್ಲಿ ಒಂದು, 13 ‘ಜೆ’ಗಳಲ್ಲಿ ಒಂದು. ಜೋಡಣೆಯ ಕೀಲಿನಲ್ಲಿ ಒಂದಷ್ಟು ಅಕ್ಷರಗಳು ಮನಬಂದಂತೆ ಸೇರುತ್ತವೆ, ಅಳಿಸಿಹೋಗುತ್ತವೆ. ಹೀಗೆ ಕೆಲವೇ ತುಣುಕುಗಳಿಂದ ಕೋಟ್ಯಂತರ ಬಗೆಯ ಗ್ರಾಹಕಗಳು ಹುಟ್ಟುತ್ತವೆ. ಪ್ರತಿಕಾಯಗಳಲ್ಲಿ ಇದೇ ತಂತ್ರವನ್ನು ಕಂಡುಹಿಡಿದ ಸುಸುಮು ತೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು.

‘ಎಲ್ಲವೂ ಕಲಸುಮೇಲೋಗರವೇ ಆದರೆ ಯಾರ ಜೀನ್ ಹೇಗಿದ್ದರೇನು?’ ಎಂದು ನೀವು ಕೇಳಬಹುದು. ಇಸ್ಪೀಟು ಎಲೆಗಳನ್ನು ಎಷ್ಟು ಬೇಕಾದರೂ ಕಲೆಸಿ, ಕಟ್ಟಿನಲ್ಲಿ ಇಲ್ಲದ ಎಲೆ ಕೈಗೆ ಬರುವುದಿಲ್ಲ. ಆ ಕಟ್ಟು ಬರುವುದು ಅಪ್ಪ ಅಮ್ಮನಿಂದ. ಏಳನೇ ವರ್ಣತಂತುವಿನಲ್ಲಿ ಸುಮಾರು 20 ಸಾವಿರ ಅಕ್ಷರಗಳ ಒಂದು ತುಂಡು ಕೆಲವರಲ್ಲಿ ಇರುವುದೇ ಇಲ್ಲ. ಅದರೊಂದಿಗೆ ಎರಡು ‘ವಿ’ ಜೀನ್‌ಗಳೂ ಇಲ್ಲ. ಗುರಿಯನ್ನು ಮುಟ್ಟಿ ನೋಡುವ ಮೂರು ಕುಣಿಕೆಗಳು ಪ್ರತಿ ಸರಪಳಿಯಲ್ಲೂ ಇವೆ. ಅವುಗಳಲ್ಲಿ ಎರಡು ನೇರವಾಗಿ ‘ವಿ’ ಜೀನ್‌ನಿಂದಲೇ ಬರುತ್ತವೆ, ಮೂರನೆಯದಷ್ಟೇ ಕೀಲಿನ ಆಟ. ಹಾಗಾಗಿ ಆನುವಂಶಿಕ ವ್ಯತ್ಯಾಸ ಕಡೆಗಣಿಸುವಂಥದ್ದಲ್ಲ.

ಬೀಟಾ ಭಾಗದ ಪೂರ್ಣ ಅನುಕ್ರಮ ಪ್ರಕಟವಾದದ್ದು 1996ರಲ್ಲಿ. ಫ್ರಾನ್ಸ್‌ನ ಮಾಂಟ್‌ಪೆಲಿಯೆಯಲ್ಲಿ 1989ರಿಂದ ನಡೆಯುತ್ತಿರುವ ಐಎಂಜಿಟಿ ದತ್ತಾಂಶ ಕೋಶ ಈ ಜೀನ್‌ಗಳ ಪಟ್ಟಿ ಇಟ್ಟಿದೆ. ಇಷ್ಟು ವರ್ಷಗಳಲ್ಲಿ ಪಟ್ಟಿ ಮುಗಿದಿರಬೇಕು ಅಲ್ಲವೇ? 2023ರಲ್ಲಿ ಸ್ವೀಡನ್‌ನ ಕರೋಲಿನ್ಸ್ಕಾ ಸಂಸ್ಥೆಯ ತಂಡ ಆಫ್ರಿಕಾ, ಪೂರ್ವ ಏಷ್ಯಾ, ದಕ್ಷಿಣ ಏಷ್ಯಾ, ಯುರೋಪ್ ಮೂಲದ ಕೇವಲ 45 ಜನರನ್ನು ಪರೀಕ್ಷಿಸಿತು. ಪಟ್ಟಿಯಲ್ಲಿಲ್ಲದ 175 ಹೊಸ ರೂಪಗಳು ಸಿಕ್ಕವು! ಕೆಲವು ನಿಯಾಂಡರ್ತಾಲ್ ಮಾನವರಿಂದ ನಮಗೆ ಬಂದ ಬಳುವಳಿ. 45 ಜನರಲ್ಲೇ ಇಷ್ಟಿದ್ದರೆ 140 ಕೋಟಿ ಜನರಲ್ಲಿ ಎಷ್ಟಿರಬಹುದು?

ಹೊಸ ರೂಪಗಳು ಎಷ್ಟು ಜನರಲ್ಲಿವೆ ಎಂದು ಆ ತಂಡ ತಾಳೆ ನೋಡಿದ್ದು ‘1000 ಜೀನೋಮ್ಸ್’ ಯೋಜನೆಯ ಮಾದರಿಗಳಲ್ಲಿ. ಆ ಯೋಜನೆಯಲ್ಲಿ 26 ಸಮುದಾಯಗಳ 2,504 ಜನರಿದ್ದಾರೆ. ದಕ್ಷಿಣ ಏಷ್ಯಾದ ಐದು ಗುಂಪುಗಳು ಯಾವುವು ಗೊತ್ತೇ? ಹ್ಯೂಸ್ಟನ್‌ನ ಗುಜರಾತಿಗಳು, ಲಾಹೋರ್‌ನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಬ್ರಿಟನ್‌ನಲ್ಲಿರುವ ಶ್ರೀಲಂಕಾ ತಮಿಳರು ಮತ್ತು ತೆಲುಗರು. ಭಾರತದ ನೆಲದಲ್ಲಿ ಸಂಗ್ರಹಿಸಿದ ಗುಂಪು ಒಂದೂ ಇಲ್ಲ. ಕನ್ನಡಿಗರ ಗುಂಪಂತೂ ಇಲ್ಲವೇ ಇಲ್ಲ.

ಇದರಿಂದ ನಷ್ಟವೇನು? ರೋಗಿಯ ಟಿ ಕೋಶಗಳನ್ನು ಓದುವ ಸಾಫ್ಟ್‌ವೇರ್ ಪ್ರತಿ ಅನುಕ್ರಮವನ್ನೂ ಪಟ್ಟಿಯೊಂದಿಗೆ ಹೋಲಿಸುತ್ತದೆ. ಪಟ್ಟಿಯಲ್ಲಿಲ್ಲದ ರೂಪ ಕಂಡರೆ ಹತ್ತಿರದ ಇನ್ನೊಂದರ ಹೆಸರು ಹಚ್ಚುತ್ತದೆ, ಅಥವಾ ಯಂತ್ರದ ತಪ್ಪೆಂದು ಬದಿಗಿಡುತ್ತದೆ. ನಮ್ಮ ಮೈಯ ಸಹಜ ಗುಣವೇ ‘ಎರರ್’ ಆಗಿಬಿಡುತ್ತದೆ! ಇನ್ನು ಚಿಕಿತ್ಸೆ. ಮಾರ್ಪಡಿಸಿದ ಗ್ರಾಹಕ ಹೊತ್ತ ಟಿ ಕೋಶಗಳನ್ನೇ ಔಷಧವಾಗಿಸಿದ ಮೊದಲ ಚಿಕಿತ್ಸೆಗೆ 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸೈನೋವಿಯಲ್ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್‌ಗೆ ಅದು. ಗ್ರಾಹಕದ ಮುಂದೆ ಗುರಿಯನ್ನು ಹಿಡಿದು ತೋರಿಸುವ ಎಚ್‌ಎಲ್‌ಎ ಅಣು ನಿರ್ದಿಷ್ಟ ಮಾದರಿಯದಾಗಿದ್ದರೆ ಮಾತ್ರ ರೋಗಿಗೆ ಅದನ್ನು ಕೊಡಬಹುದು. ಅಂದರೆ ಔಷಧ ಈಗಾಗಲೇ ಜೀನ್ ನೋಡಿ ತಯಾರಾಗುತ್ತಿದೆ. ಯಾರ ಜೀನ್ ನೋಡಿ ಎಂಬುದೇ ಪ್ರಶ್ನೆ.

ಇಲ್ಲಿಗೆ ಎಂಜಿನಿಯರ್ ಏಕೆ? ಈ ಭಾಗದ ಜೀನ್‌ಗಳು ಒಂದನ್ನೊಂದು ನಕಲು ಮಾಡಿದಂತೆ ಹೋಲುತ್ತವೆ. ಸಾಮಾನ್ಯ ಯಂತ್ರಗಳು ಡಿಎನ್‌ಎಯನ್ನು 150 ಅಕ್ಷರಗಳ ಚೂರುಗಳಾಗಿ ಓದಿಕೊಡುತ್ತವೆ. ಒಂದೇ ಬಣ್ಣದ ಆಕಾಶವಿರುವ ಜಿಗ್ಸಾ ಚಿತ್ರದಂತೆ ಯಾವ ಚೂರು ಎಲ್ಲಿಯದು ಎಂದು ತಿಳಿಯುವುದೇ ಕಷ್ಟ. ಸ್ಟ್ರಿಂಗ್ ಮ್ಯಾಚಿಂಗ್, ಗ್ರಾಫ್ ಥಿಯರಿ, ಸಂಭವನೀಯತೆ: ನಾವು ಪರೀಕ್ಷೆಗೆಂದು ಉರು ಹೊಡೆಯುವ ವಿಷಯಗಳೇ ಇಲ್ಲಿನ ಸಲಕರಣೆ.

ಬುನಾದಿಯೂ ಬೀಳುತ್ತಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ‘ಜೀನೋಮ್ ಇಂಡಿಯಾ’ ಯೋಜನೆ 10 ಸಾವಿರ ಭಾರತೀಯರ ಜೀನೋಮ್ ಓದಿದೆ. 2025ರ ಜನವರಿಯಿಂದ ಈ ದತ್ತಾಂಶ ಫರೀದಾಬಾದ್‌ನ ಕೇಂದ್ರದ ಮೂಲಕ ಸಂಶೋಧಕರಿಗೆ ಸಿಗುವ ವ್ಯವಸ್ಥೆಯಾಗಿದೆ. ಮುಂದಿನ ಹೆಜ್ಜೆಯಾಗಿ ಟಿ ಕೋಶ ಗ್ರಾಹಕಗಳಿಗೆಂದೇ, ಉದ್ದನೆಯ ಚೂರುಗಳನ್ನು ಓದುವ ತಂತ್ರಜ್ಞಾನ ಬಳಸಿ, ನಮ್ಮದೇ ಉಲ್ಲೇಖ ಪಟ್ಟಿ ಸಿದ್ಧವಾಗಬೇಕು. ಮಲೆನಾಡು, ಕರಾವಳಿ, ಕಲ್ಯಾಣ ಕರ್ನಾಟಕ, ಬುಡಕಟ್ಟು ಸಮುದಾಯಗಳೆಲ್ಲ ಅದರಲ್ಲಿರಬೇಕು. ರಕ್ತ ಕೊಡುವವರಿಗೆ ಅವರ ಭಾಷೆಯಲ್ಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ವ್ಯತ್ಯಾಸ ಎಂದರೆ ಮೇಲುಕೀಳಲ್ಲ ಎಂಬುದೂ ನೆನಪಿರಲಿ. ನಿಯಾಂಡರ್ತಾಲ್ ತುಣುಕು ಹೊತ್ತಿರುವ ನಾವು ಶುದ್ಧ ರಕ್ತದ ಮಾತಾಡುವುದೇ ಹಾಸ್ಯಾಸ್ಪದ.

‘ಇದರಲ್ಲಿ ಪ್ಯಾಕೇಜ್ ಎಷ್ಟು?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮನೆಯ ಸಾಲ ತೀರಿಸಬೇಕಾದವರಿಗೆ ಸಂಶೋಧನೆಯ ಉಪದೇಶ ಮಾಡಲಾಗದು. ಆದರೆ ಕ್ಯಾಂಪಸ್ ಸೆಲೆಕ್ಷನ್ ಒಂದೇ ಬಾಗಿಲಲ್ಲ. ಎಲೆಕ್ಟ್ರಾನಿಕ್ ಸಿಟಿಯ ಐಬಿಎಬಿಯಂಥ ಸಂಸ್ಥೆಗಳಲ್ಲಿ ಬಯೊಇನ್ಫರ್ಮ್ಯಾಟಿಕ್ಸ್ ಕಲಿಯಬಹುದು. ಐಐಟಿ ಬಾಂಬೆಯ ಪ್ರಯೋಗಾಲಯದಲ್ಲಿ ಶುರುವಾದ ಕೆಲಸವೇ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಜೊತೆ ಸೇರಿ ದೇಶದ ಮೊದಲ ಸಿಎಆರ್-ಟಿ ಕ್ಯಾನ್ಸರ್ ಚಿಕಿತ್ಸೆಯಾಗಿ 2023ರಲ್ಲಿ ಅನುಮತಿ ಪಡೆಯಿತು. ಕಾಲೇಜುಗಳು ಮಾಡಬಹುದಾದ್ದು ಸುಲಭ: ಬಯಾಲಜಿ ಪೇಪರ್‌ನಲ್ಲಿ ವ್ಯಾಖ್ಯೆಗಳ ಬದಲು ಒಂದು ನಿಜವಾದ ದತ್ತಾಂಶ ಕೊಡಲಿ.

ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವ ಗೆಳೆಯರೇ, ಹಾಜರಾತಿ ಆ್ಯಪ್‌ಗಳು ಬೇಕಾದಷ್ಟಿವೆ. ಐಎಂಜಿಟಿ ಪಟ್ಟಿ ಅಂತರ್ಜಾಲದಲ್ಲಿ ತೆರೆದೇ ಇದೆ. ಈ ಬಾರಿ ಅದನ್ನೊಮ್ಮೆ ಇಳಿಸಿಕೊಂಡು ನೋಡಿ.