ನೀರಾಗದ ಸೌತೆ ಮೊಸರು



ಬಿರಿಯಾನಿ ಚೆನ್ನಾಗಿ ಆಗಿದೆ. ಕಬಾಬ್ ಹದವಾಗಿ ಬೆಂದಿದೆ. ಆದರೆ ಪಕ್ಕದಲ್ಲಿಟ್ಟ ಸೌತೆಕಾಯಿ ರಾಯ್ತಾ ಮಾತ್ರ ಅರ್ಧ ಗಂಟೆಯಲ್ಲಿ ನೀರಾಗಿ ತಟ್ಟೆ ತುಂಬ ಹರಿದಾಡುತ್ತಿದೆ. ಈ ಅನುಭವ ನಿಮಗೆ ಆಗಿಲ್ಲವೇ? ನನಗಂತೂ ಹಲವು ವರ್ಷ ಆಗಿದೆ. ರಾಯ್ತಾ ಮಾಡುವುದು ಯಾರಿಗೆ ತಾನೇ ಗೊತ್ತಿಲ್ಲ ಎಂದುಕೊಂಡು ನಾವು ಅದರ ಕಡೆಗೆ ಗಮನ ಕೊಡುವುದೇ ಇಲ್ಲ. ನಾನು ಗಮನ ಕೊಡುವಂತೆ ಮಾಡಿದ್ದು ನನ್ನ ಮಗಳ ಕಾಯಿಲೆ.

ನಮ್ಮ ಮನೆ ವಿಜಯನಗರದಲ್ಲಿ. ಸಂಜೆಯಾದರೆ ಸಾಕು, ರಸ್ತೆ ಬದಿಯಲ್ಲಿ ಕಬಾಬು, ರೋಲುಗಳ ಘಮ ಹರಡುತ್ತದೆ. ಎರಡು ವರ್ಷಗಳ ಹಿಂದೆ ರಮಝಾನ್‌ನ ಒಂದು ರಾತ್ರಿ, ಪಿಯುಸಿ ಓದುತ್ತಿದ್ದ ಮಗಳು ಗೆಳತಿಯರೊಡನೆ ಕಬಾಬನ್ನು ಬಿಳಿ ಮೇಯನೇಸ್‌ನಲ್ಲಿ ಅದ್ದಿ ತಿಂದು ಬಂದಳು. ಮರುದಿನ ವಾಂತಿ, ಭೇದಿ, ಜ್ವರ. ಮೂರು ದಿನ ಡ್ರಿಪ್ ಹಾಕಿಸಬೇಕಾಯಿತು. ಮೇಯನೇಸ್‌ನಿಂದಲೇ ಹೀಗಾಯಿತು ಎನ್ನಲು ನನ್ನ ಬಳಿ ಸಾಕ್ಷಿಯಿಲ್ಲ. ಆದರೆ ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ ಅದೇ ಆಗಿತ್ತು: "ಹೊರಗೆ ಮೇಯನೇಸ್ ತಿಂದಿದ್ದಾಳಾ?"

ಅವರು ಹಾಗೆ ಕೇಳಲು ಕಾರಣವಿದೆ. ಮೇಯನೇಸ್ ಮಾಡುವುದು ಎಣ್ಣೆ ಮತ್ತು ಹಸಿ ಮೊಟ್ಟೆಯಿಂದ. ಅದನ್ನು ಒಲೆಯ ಮೇಲೆ ಇಡುವುದೇ ಇಲ್ಲ. ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇದ್ದರೆ ಅದು ಸಾಯುವುದಿಲ್ಲ. ಬೆಚ್ಚಗಿನ ಜಾಗದಲ್ಲಿ ಗಂಟೆಗಟ್ಟಲೆ ಇಟ್ಟರಂತೂ ಹೆಚ್ಚುತ್ತದೆ. ಈ ಕಾರಣಕ್ಕಾಗಿಯೇ ಕೇರಳ ಸರಕಾರ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮೇಯನೇಸ್ ಅನ್ನು ನಿಷೇಧಿಸಿತು. ತೆಲಂಗಾಣ ಸರಕಾರ 2024ರ ಅಕ್ಟೋಬರ್‌ನಲ್ಲಿ ಒಂದು ವರ್ಷದ ಅವಧಿಗೆ ಇಂಥದೇ ನಿಷೇಧ ಹೇರಿತು. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ ತಿಂಗಳಲ್ಲಿ ಶವರ್ಮಾ ತಿಂದು ಹಲವರು ಅಸ್ವಸ್ಥರಾಗಿ, ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅಲ್ಲಿ ರೋಗಿಗಳಲ್ಲಿ ಕಂಡುಬಂದದ್ದು ಶಿಗೆಲ್ಲಾ ಎಂಬ ಬೇರೊಂದು ರೋಗಾಣು. ರೋಗಾಣು ಯಾವುದಾದರೂ ಹೆತ್ತವರ ಸಂಕಟ ಒಂದೇ.

ಮಕ್ಕಳಿಗೆ "ಹೊರಗೆ ತಿನ್ನಬೇಡ" ಎಂದು ಹೇಳುವುದು ಸುಲಭ. ಅದರ ಬದಲು ಮನೆಯಲ್ಲಿ ಏನು ಕೊಡುತ್ತೀರಿ? ಗುಣವಾದ ಮೇಲೆ ಮಗಳು ಕೇಳಿದ್ದು ಇದನ್ನೇ. ನಾನು ಉತ್ಸಾಹದಿಂದ ರಾಯ್ತಾ ಮಾಡಿ ಕೊಟ್ಟೆ. ಕಬಾಬನ್ನು ಅದ್ದಿ ತೆಗೆದಳು. ಒಂದು ತೊಟ್ಟೂ ಅಂಟಲಿಲ್ಲ. "ಅಮ್ಮೀ, ಇದು ರಾಯ್ತಾ ಅಲ್ಲ, ಮಜ್ಜಿಗೆ" ಎಂದಳು. ಅದೇ ವಾರ ಕೆಂಗೇರಿಯಲ್ಲಿರುವ ತಂಗಿಯ ಮನೆಗೆ ಇಫ್ತಾರ್‌ಗೆ ಒಂದು ಡಬ್ಬಿ ರಾಯ್ತಾ ತೆಗೆದುಕೊಂಡು ಹೊರಟೆ. 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ ಮೆಟ್ರೊ ಆದ ಮೇಲೆ ನಮಗೆ ಹೋಗಿ ಬರುವುದು ಹಗುರವಾಗಿದೆ. ಆದರೆ ಇಳಿದು ನೋಡುವಾಗ ಚೀಲದ ತಳವೆಲ್ಲ ಒದ್ದೆ. ಡಬ್ಬಿಯಲ್ಲಿ ಮೇಲೆ ನೀರು, ಕೆಳಗೆ ಸೌತೆಕಾಯಿ.

ದಾರಿ ತೋರಿಸಿದವರು ನಮ್ಮ ಎದುರು ಮನೆಯ ಅಜ್ಜಿ. ಅವರ ಮನೆಯಲ್ಲಿ ಇದಕ್ಕೆ ಮೊಸರು ಬಜ್ಜಿ ಎನ್ನುತ್ತಾರೆ, ಸಾಸಿವೆಯ ಒಗ್ಗರಣೆ ಕೊಡುತ್ತಾರೆ. ನನ್ನ ಕಷ್ಟ ಕೇಳಿ ನಕ್ಕುಬಿಟ್ಟರು. "ಉಪ್ಪು ಕಂಡ್ರೆ ಸೌತೆಕಾಯಿ ಅಳುತ್ತೆ ಕಣಮ್ಮ. ಅದು ಅತ್ತು ಮುಗಿಸೋವರೆಗೂ ಮೊಸರಿಗೆ ಹಾಕ್ಬೇಡ" ಎಂದರು. ಇಡೀ ಗುಟ್ಟು ಈ ಒಂದು ಮಾತಿನಲ್ಲಿದೆ. ಸೌತೆಕಾಯಿಯಲ್ಲಿ ನೂರಕ್ಕೆ 95ರಷ್ಟು ನೀರೇ. ಉಪ್ಪು ತಗಲಿದೊಡನೆ ಆ ನೀರು ಹೊರಗೆ ಬರುತ್ತದೆ. ಬಟ್ಟಲಿನಲ್ಲಿ ಬರುವ ಬದಲು ಮೊದಲೇ ಬರಲಿ ಎಂಬುದಷ್ಟೇ ಉಪಾಯ. ಮೊಸರಿನ ನೀರನ್ನೂ ಬಟ್ಟೆಯಲ್ಲಿ ಕಟ್ಟಿ ಇಳಿಸಿದರೆ ಮುಗಿಯಿತು.

ಬೇಕಾಗುವ ಸಾಮಗ್ರಿಗಳು

ಗಟ್ಟಿ ಮೊಸರು - 500 ಗ್ರಾಂ
ಎಳೆ ಸೌತೆಕಾಯಿ - 2 (ಸುಮಾರು 300 ಗ್ರಾಂ)
ಉಪ್ಪು - ಅರ್ಧ ಚಮಚ
ಹಸಿಮೆಣಸಿನಕಾಯಿ - 1
ಪುದೀನ ಎಲೆ - 10ರಿಂದ 12
ಕೊತ್ತಂಬರಿ ಸೊಪ್ಪು - ಸ್ವಲ್ಪ
ಬೆಳ್ಳುಳ್ಳಿ - 1 ಸಣ್ಣ ಎಸಳು
ಹುರಿದು ಪುಡಿ ಮಾಡಿದ ಜೀರಿಗೆ - ಅರ್ಧ ಚಮಚ
ಕಾಳುಮೆಣಸಿನ ಪುಡಿ - ಒಂದು ಚಿಟಿಕೆ

ಮಾಡುವ ವಿಧಾನ

ಮೊಸರನ್ನು ಶುಭ್ರವಾದ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಜರಡಿಯಲ್ಲಿಟ್ಟು, ಕೆಳಗೊಂದು ಪಾತ್ರೆ ಇರಿಸಿ. ಹಾಗೆಯೇ ಎರಡು ಗಂಟೆ ಫ್ರಿಜ್‌ನಲ್ಲಿಡಿ. ಹೊರಗೆ ನೇತು ಹಾಕಿದರೆ ಮೊಸರು ಹುಳಿಯಾಗುತ್ತದೆ. ಇಳಿದ ನೀರನ್ನು ಚೆಲ್ಲಬೇಡಿ. ಚಪಾತಿ ಹಿಟ್ಟು ಕಲಸಲು ಅದು ಬಲು ಚೆನ್ನ.

ಸೌತೆಕಾಯಿಯನ್ನು ತೊಳೆದು ತೊಟ್ಟಿನ ಕಡೆ ಒಂದಿಂಚು ಕತ್ತರಿಸಿ ತೆಗೆಯಿರಿ. ಕಹಿ ಹೆಚ್ಚಾಗಿ ಇರುವುದು ಆ ತುದಿಯಲ್ಲಿ ಮತ್ತು ಸಿಪ್ಪೆಯ ಕೆಳಗೆ. ಒಂದು ಚೂರು ಬಾಯಿಗೆ ಹಾಕಿ ನೋಡಿ. ಪೂರ್ತಿ ಕಹಿಯಾಗಿದ್ದರೆ ಆ ಕಾಯಿಯನ್ನು ಬಿಟ್ಟುಬಿಡಿ. ಬೀಜ ಬಲಿತಿದ್ದರೆ ಚಮಚದಿಂದ ಕೆರೆದು ತೆಗೆಯಿರಿ. ನಂತರ ದಪ್ಪಗೆ ತುರಿದು, ಉಪ್ಪು ಬೆರೆಸಿ ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡಿ. ಬರುವ ನೀರನ್ನು ಕಂಡು ನಿಮಗೇ ಆಶ್ಚರ್ಯವಾಗುತ್ತದೆ.

ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗಳನ್ನು ಚಿಟಿಕೆ ಉಪ್ಪಿನೊಡನೆ ಜಜ್ಜಿ. ಪುದೀನ, ಕೊತ್ತಂಬರಿಗಳನ್ನು ಸಣ್ಣಗೆ ಹೆಚ್ಚಿ. ಎಲ್ಲವನ್ನೂ ಮೊಸರಿಗೆ ಸೇರಿಸಿ ಚಮಚದಿಂದ ಹಗುರವಾಗಿ ಕಲಸಿ. ಮಿಕ್ಸಿಗೆ ಹಾಕಿದರೆ ಮತ್ತೆ ತೆಳ್ಳಗಾಗುತ್ತದೆ. ರುಚಿ ನೋಡದೆ ಮತ್ತೆ ಉಪ್ಪು ಹಾಕಬೇಡಿ. ಹಿಂಡಿದ ತುರಿಯಲ್ಲಿ ಸಾಕಷ್ಟು ಉಳಿದಿರುತ್ತದೆ. ಜೀರಿಗೆ, ಕಾಳುಮೆಣಸನ್ನು ಬಡಿಸುವಾಗ ಮೇಲೆ ಉದುರಿಸಿ.

ಕೆಲವು ಸೂಚನೆಗಳು

ಮನೆಯಲ್ಲಿ ರಕ್ತದೊತ್ತಡದವರಿದ್ದರೆ ಅವರ ಪಾಲಿನ ಸೌತೆಕಾಯಿಗೆ ಉಪ್ಪು ಹಚ್ಚಬೇಡಿ. ತುರಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಂಡಿದರೆ ಸಾಕು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಅತ್ತೆಗೆ ಉಪ್ಪಿನಕಾಯಿ ನಿಂತ ಮೇಲೆ ಊಟವೇ ಬೇಡವಾಗಿತ್ತು. ನಿಂಬೆರಸ, ಪುದೀನ, ಜೀರಿಗೆ ಸ್ವಲ್ಪ ಮುಂದಾಗಿ ಹಾಕಿ ಕೊಟ್ಟ ಈ ಮೊಸರಿನಿಂದ ಅವರ ನಾಲಿಗೆಗೆ ರುಚಿ ಮರಳಿತು.

ಮೊಸರು ಸುರಕ್ಷಿತವೆಂದು ಮೈಮರೆಯಬಾರದು. ಮೊಸರಿನ ಹುಳಿ ರೋಗಾಣುಗಳನ್ನು ತಡೆಯುತ್ತದೆ ನಿಜ. ಆದರೆ ಹಸಿ ಕೋಳಿ ಕತ್ತರಿಸಿದ ಚಾಕು, ಮಣೆಗಳಲ್ಲೇ ಸೌತೆಕಾಯಿ ಹೆಚ್ಚಿದರೆ ಯಾವ ಹುಳಿಯನ್ನೂ ನಂಬುವಂತಿಲ್ಲ. ಮೊದಲು ರಾಯ್ತಾದ ಕೆಲಸ ಮುಗಿಸಿ, ಆಮೇಲೆ ಮಾಂಸಕ್ಕೆ ಕೈ ಹಾಕಿ. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ. ಬಡಿಸಿದ ರಾಯ್ತಾವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಮದುವೆ, ದಾವತ್‌ಗಳಿಗೆ ಮಾಡುವಾಗ ಮೊಸರು, ಹಿಂಡಿದ ತುರಿ ಎರಡನ್ನೂ ಬೇರೆ ಬೇರೆಯಾಗಿ ಫ್ರಿಜ್‌ನಲ್ಲಿಟ್ಟು, ಪಂಕ್ತಿಗೆ ಬೇಕಾದಷ್ಟೇ ಬೆರೆಸಿ. ಬೆಳ್ಳುಳ್ಳಿ ಹಾಕಿದ್ದನ್ನು ಮರುದಿನಕ್ಕೆ ಉಳಿಸಬೇಡಿ, ಘಾಟು ಏರುತ್ತದೆ.

ಈ ಜೋಡಿ ನಮ್ಮಲ್ಲಿ ಮಾತ್ರ ಇರುವುದಲ್ಲ. ತುರ್ಕಿಯಲ್ಲಿ ಇದು ಜಾಜಿಕ್, ಗ್ರೀಸ್‌ನಲ್ಲಿ ತ್ಸಾತ್ಸಿಕಿ. ಇರಾನಿನವರು ಮಾಸ್ತ್-ಒ-ಖಿಯಾರ್ ಎನ್ನುತ್ತಾರೆ, ಎಂದರೆ ಮೊಸರು ಮತ್ತು ಸೌತೆಕಾಯಿ ಎಂದೇ ಅರ್ಥ. ಅವರು ಒಣ ಪುದೀನ, ಒಣದ್ರಾಕ್ಷಿ, ಅಕ್ರೋಟು ಹಾಕುತ್ತಾರೆ. ಮಕ್ಕಳಿಗೆ ಇದು ತುಂಬಾ ಇಷ್ಟವಾಗುತ್ತದೆ, ಒಮ್ಮೆ ಮಾಡಿ ನೋಡಿ.

ಈಗ ನಮ್ಮ ಮನೆಯಲ್ಲಿ ಕಬಾಬ್ ಕರಿಯುವ ದಿನ ಸೌತೆಕಾಯಿ ಹಿಂಡುವ ಕೆಲಸ ಮಗಳದು. ಗೆಳತಿಯರು ಬಂದರೆ ಬಟ್ಟಲು ತಾನೇ ತಂದು ಮುಂದಿಡುತ್ತಾಳೆ. ಹೊರಗೆ ತಿನ್ನುವುದು ಪೂರ್ತಿ ನಿಂತಿದೆ ಎಂದು ನಾನು ಸುಳ್ಳು ಹೇಳಲಾರೆ. ಆದರೆ ತಿನ್ನುವ ಮುಂಚೆ "ಇದನ್ನು ಯಾವಾಗ ಮಾಡಿದ್ದು?" ಎಂದು ಅಂಗಡಿಯವನನ್ನು ಕೇಳುವುದನ್ನು ಕಲಿತಿದ್ದಾಳೆ. ಕಳೆದ ವಾರ ಕೆಂಗೇರಿಗೆ ಮತ್ತೊಂದು ಡಬ್ಬಿ ಒಯ್ದೆ. ತಂಗಿ ಮುಚ್ಚಳ ತೆಗೆದು ಚಮಚ ನೆಟ್ಟಳು. ಚಮಚ ನಿಂತಿತು! ಎದುರು ಮನೆಯ ಅಜ್ಜಿಗೆ ಹೇಳಿದಾಗ ಅವರಿಗಾದ ಸಂತೋಷ ನನಗಿಂತ ಹೆಚ್ಚು.

ನೀವೂ ಈ ವಾರವೇ ಮಾಡಿ ನೋಡಿ. ಮೊಸರು ಕಟ್ಟಲು, ಸೌತೆಕಾಯಿ ಹಿಂಡಲು ಮಕ್ಕಳನ್ನೂ ಕರೆಯಿರಿ. ತಾವೇ ಮಾಡಿದ್ದನ್ನು ಅವರು ಬೇಡ ಎನ್ನುವುದಿಲ್ಲ.