ಒಬ್ಬನೇ ಅಮರನಾಗಿ ಮಾಡುವುದೇನು?



ಮುಪ್ಪನ್ನೂ ಮರಣವನ್ನೂ ಯಂತ್ರದ ದೋಷಗಳಂತೆ ದುರಸ್ತಿ ಮಾಡಬಹುದೆಂಬ ವಾದವೊಂದು ವಿಜ್ಞಾನದ ವೇಷ ತೊಟ್ಟು ಓಡಾಡುತ್ತಿದೆ. ಅದರ ಹೆಸರು ಟ್ರಾನ್ಸ್‌ಹ್ಯೂಮನಿಸಂ. ಜೂಲಿಯನ್ ಹಕ್ಸ್ಲಿ 1957ರಲ್ಲಿ ಆ ಹೆಸರಿನಲ್ಲೇ ಪ್ರಬಂಧ ಬರೆದರು. ರೇ ಕರ್ಜ್‌ವೈಲ್ 2005ರ ತಮ್ಮ ಗ್ರಂಥದಲ್ಲಿ, 2045ರ ಹೊತ್ತಿಗೆ ಮನುಷ್ಯನ ಬುದ್ಧಿಯೂ ಯಂತ್ರದ ಬುದ್ಧಿಯೂ ಬೆರೆತುಹೋಗುವವೆಂದು ಭವಿಷ್ಯ ನುಡಿದರು. ನನ್ನ ತಕರಾರು ಯಂತ್ರದ ಮೇಲಲ್ಲ. ಈ ವಾದವು ಬಿಡಿಸುವ ಮನುಷ್ಯನ ಚಿತ್ರದ ಮೇಲೆ.

ಆ ಚಿತ್ರದಲ್ಲಿರುವವನು ಒಬ್ಬಂಟಿ. ತನ್ನ ಮಿದುಳು, ತನ್ನ ನೆನಪು, ತನ್ನ ಆಯುಷ್ಯ, ಮುಗಿಯಿತು. ದಕ್ಷಿಣ ಕೊರಿಯಾದ ಕ್ರೈಸ್ತ ದೇವತಾಶಾಸ್ತ್ರಜ್ಞ ಹುಪ್ ಯಂಗ್ ಕಿಮ್ 2014ರ ಪ್ರಬಂಧವೊಂದರಲ್ಲಿ ಸೈಬೋರ್ಗ್‌ನ ಎದುರಿಗೆ ಕನ್‌ಫ್ಯೂಶಿಯನ್ನರ ಜ್ಞಾನಿಯನ್ನೂ ಕ್ರೈಸ್ತರ ಸಂತನನ್ನೂ ನಿಲ್ಲಿಸಿದರು. ಅವರು ಆಧರಿಸುವ ಪರಂಪರೆಯಲ್ಲಿ ಮನುಷ್ಯತ್ವಕ್ಕೆ 'ರೆನ್' ಎಂಬ ಚೀನೀ ಅಕ್ಷರವಿದೆ. ಅದರ ಒಂದು ಪಕ್ಕದಲ್ಲಿ 'ಮನುಷ್ಯ', ಇನ್ನೊಂದು ಪಕ್ಕದಲ್ಲಿ 'ಎರಡು'. ಇಬ್ಬರಿಲ್ಲದೆ ಮನುಷ್ಯತ್ವವಿಲ್ಲ!

ಪರಿಪೂರ್ಣತೆಯ ಆಸೆ ಅಲ್ಲಿಯೂ ಇತ್ತು. ಕೊರಿಯಾದ ಪಂಡಿತ ಯಿ ಹ್ವಾಂಗ್ 1568ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಹದಿಹರೆಯದ ಅರಸನಿಗೆ ಜ್ಞಾನಿಯಾಗುವ ವಿದ್ಯೆಯನ್ನು ಹತ್ತು ಚಿತ್ರಗಳಲ್ಲಿ ಬರೆದೊಪ್ಪಿಸಿದರು. ಆ ವಿದ್ಯೆ ಅಭ್ಯಾಸದಿಂದ ಬರತಕ್ಕದ್ದು, ಅಳವಡಿಕೆಯಿಂದಲ್ಲ. ಮೂರು ದಶಕ ಪಾಠ ಹೇಳಿದ ನನಗೆ ಈ ಮಾತಿನಲ್ಲಿ ಸಂಶಯವಿಲ್ಲ.

"ಸಂಬಂಧದ ಹೆಸರಿನಲ್ಲಿ ತುಳಿದದ್ದೂ ಉಂಟಲ್ಲ ಸಾರ್?" ಎಂದು ನೀವು ಕೇಳಬಹುದು. ಉಂಟು. ಗಂಡಸನ್ನೇ ಕುಟುಂಬದ ಯಜಮಾನನಾಗಿಸುತ್ತಿದ್ದ 'ಹೋಜು' ಪದ್ಧತಿಯನ್ನು ಕೊರಿಯನ್ನರು 2008ರಲ್ಲಿ ಕೈಬಿಟ್ಟರು. ಒಳ್ಳೆಯದೇ ಆಯಿತು. ಆದರೆ ನೊಗ ಕಳಚಿದ ಮಾತ್ರಕ್ಕೆ ನಂಟನ್ನೇ ಕಡಿದುಕೊಳ್ಳಬೇಕೆಂದಿಲ್ಲ.

2024ರಲ್ಲಿ ನ್ಯೂರಾಲಿಂಕ್ ಸಂಸ್ಥೆಯು ಕೈಕಾಲುಗಳ ಸ್ವಾಧೀನ ತಪ್ಪಿದ್ದ ಒಬ್ಬರ ಮಿದುಳಿಗೆ ಚಿಪ್ ಅಳವಡಿಸಿತು. ಅವರು ಆಲೋಚನೆಯಿಂದಲೇ ಗಣಕಯಂತ್ರದಲ್ಲಿ ಚದುರಂಗವಾಡಿದರು. ಅಂತಹ ಚಿಕಿತ್ಸೆಗೆ ನನ್ನ ನಮಸ್ಕಾರ. ಅದು ಮನುಷ್ಯನನ್ನು ನಾಲ್ಕು ಜನರ ನಡುವೆ ಮರಳಿ ತಂದು ಕೂರಿಸುತ್ತದೆ. ಅಮರತ್ವದ ವ್ಯಾಪಾರವಾದರೋ ಹಣವುಳ್ಳವನೊಬ್ಬನನ್ನು ಆ ನಾಲ್ವರಿಂದ ಬಿಡಿಸಿ ಒಯ್ಯುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವವರನ್ನು ನಂಬಬೇಡಿ.

ಪ್ರತಿವರ್ಷ ಹತ್ತನೆಯ ತರಗತಿಯವರು ಹೊರಟದ್ದರಿಂದಲೇ ನಿಮಗೆ ಆ ಬೆಂಚು ಸಿಕ್ಕಿತು. ಹೊರಡಲೊಲ್ಲದವರೇ ತುಂಬಿದ ಲೋಕದಲ್ಲಿ ನಿಮ್ಮ ಮೊಮ್ಮಕ್ಕಳು ಎಲ್ಲಿ ಕೂರಬೇಕು?

ಇತಿ ನಿಮ್ಮ ಮೇಷ್ಟ್ರು